ಹನ್ನೊಂದು ಮಂದಿ ಮೂಲಾ ನಕ್ಷತ್ರದವರು

ತನ್ನನ್ನು ಹೆಣ್ಣು ನೋಡಲು ಬರುವವರ ಹತ್ತಿರವೇ ಅದಕ್ಕೆ ರಜೆ ಕೇಳುವುದು ಹೇಗೆ? ತೇನ್‌ಮೊಳಿ ಡೈರಿಯಲ್ಲಿ ಈ ಪ್ರಶ್ನೆಯನ್ನು ಮೂರು ಸಲ ಬರೆದು, ಮೂರು ಸಲವೂ ಉತ್ತರದ ಜಾಗ ಖಾಲಿ ಬಿಟ್ಟಿದ್ದಳು.

ರಾಜಪಾಳಯದ ನೂಲಿನ ಗಿರಣಿಯಲ್ಲಿ ಅವಳದು ಯಂತ್ರ ನೋಡಿಕೊಳ್ಳುವ ಕೆಲಸ. ಡಿಗ್ರಿ ಓದಿದವಳೆಂದು ಪಾಳಿಯ ಪಟ್ಟಿ ಬರೆಯುವುದೂ ಅವಳ ತಲೆಗೇ ಬಿದ್ದಿತ್ತು. ಮೇಲ್ವಿಚಾರಕ ಸುಡಲೈಮುತ್ತು ಹೇಳುವುದು, ಇವಳು ಬರೆಯುವುದು. ಶನಿವಾರ ಸಂಜೆ ನಾಲ್ಕಕ್ಕೆ ಮಗನನ್ನು ಕರೆದುಕೊಂಡು ಅವಳ ಮನೆಗೆ ಬರುವವರೂ ಅದೇ ಸುಡಲೈಮುತ್ತು. ಅಪ್ಪನಿಗೆ ಊಟದ ಡಬ್ಬಿ ತರುವ ಆ ಹುಡುಗನ ನಗು ಅವಳಿಗೆ ಡೈರಿಯಲ್ಲಿ ಬರೆಯಲೂ ನಾಚಿಕೆಯಾಗುವಷ್ಟು ಹಿಡಿಸಿತ್ತು.

ಶನಿವಾರ ಎರಡರಿಂದ ಹತ್ತರ ಪಾಳಿ ಮಾತ್ರ ಯಾರಿಗೂ ಬೇಡ. ವಾರದ ಪಟ್ಟಿ ಬರೆಯುವ ದಿನ ಬೆಳಿಗ್ಗೆ ಹನ್ನೆರಡು ಜನರನ್ನೂ ನಿಲ್ಲಿಸಿಕೊಂಡು ಸುಡಲೈಮುತ್ತು ಗುಡುಗಿದರು. "ವಾರವಾರ ಇದೇ ರಗಳೆ! ಏನಾದ್ರೂ ಹೊಸ ದಾರಿ ಹೇಳ್ರಪ್ಪಾ."

ಹಿರಿಯ ಕೆಲಸಗಾರ್ತಿ ಪೇಚ್ಚಿಯಮ್ಮಾಳ್ ಗೋಡೆಯ ಕ್ಯಾಲೆಂಡರ್ ಕಿತ್ತು ತಂದಳು. "ಯಾರ ನಕ್ಷತ್ರಕ್ಕೆ ಚಂದ್ರಾಷ್ಟಮದ ದೋಷವೋ ಅವರಿಗೆ ಆ ದಿನ ರಜೆ. ಕೆಟ್ಟ ದಿನ ಯಂತ್ರಕ್ಕೆ ಕೈ ಹಾಕಿ ಬೆರಳು ಹೋದ್ರೆ ನೀವು ಕೊಡ್ತೀರಾ ಅಣ್ಣಾಚ್ಚಿ? ಚಂದ್ರನ ಜೊತೆ ಯಾರೂ ಜಗಳಕ್ಕೆ ಹೋಗಲ್ಲ."

ಸುಡಲೈಮುತ್ತು ಹೊಸ ಅಳಿಯನಂತೆ ಅರಳಿದರು. ಶನಿವಾರದ ಹಾಳೆಯಲ್ಲಿ ಚಂದ್ರಾಷ್ಟಮ ಮೂಲಾ ನಕ್ಷತ್ರಕ್ಕೆ ಎಂದಿತ್ತು.

"ನಂದು ಮೂಲಾ!" ಎಂದ ಪಕ್ಕದ ಯಂತ್ರದ ಇಸಕ್ಕಿಮುತ್ತು.

"ಹೋದ ತಿಂಗಳು ಅರ್ಚನೆ ಮಾಡಿಸುವಾಗ ರೋಹಿಣಿ ಅಂದಿದ್ರಲ್ಲಣ್ಣಾ?" ತೇನ್‌ಮೊಳಿ ಮೆಲ್ಲಗೆ ಕೇಳಿದಳು.

"ಅದು ದೇವಸ್ಥಾನದ ನಕ್ಷತ್ರ ಕಣಮ್ಮಾ. ಇದು ಡ್ಯೂಟಿದು."

ಪೇಚ್ಚಿಯಮ್ಮಾಳ್ ಮುನ್ನುಗ್ಗಿದಳು. "ಮೂಲಾ ಸೊಸೆ ಬಂದ್ರೆ ಮಾವ ಉಳಿಯಲ್ಲ ಅಂತಾರೆ. ನನ್ನ ಮಾವ ಹೋಗಿ ಇಪ್ಪತ್ತು ವರ್ಷ ಆಯ್ತು. ಇನ್ನೇನು ಭಯ? ನಂದೂ ಬರ್ಕೋ!"

ಊಟದ ಹೊತ್ತಿಗೆ ಹನ್ನೊಂದು ಮಂದಿಯ ಜಾತಕಗಳು ಮೇಜಿನ ಮೇಲಿದ್ದವು. ಗೇಟಿನೆದುರಿನ ಜ್ಯೋತಿಷಿಯ ಶಾಯಿ ಇನ್ನೂ ಆರಿರಲಿಲ್ಲ.

"ಪದ್ಧತಿ ಅಂದ್ರೆ ಪದ್ಧತಿ," ಎಂದರು ಸುಡಲೈಮುತ್ತು. "ಮೂಲಾ ಅಲ್ಲದವಳು ನೀನೊಬ್ಬಳೇ ತಾಯೀ. ಶನಿವಾರ ಹನ್ನೆರಡು ಯಂತ್ರಾನೂ ನೀನೇ ನೋಡ್ಕೋ."

"ಅಣ್ಣಾಚ್ಚೀ... ಶನಿವಾರ ನಾಲ್ಕಕ್ಕೆ ನೀವೇ ನಮ್ಮನೆಗೆ..."

"ಅದು ಸಂಬಂಧ, ಇದು ಡ್ಯೂಟಿ. ಎರಡನ್ನೂ ಕಲಸಬಾರದು. ನಾಲ್ಕಕ್ಕೆ ಸರಿಯಾಗಿ ಬರ್ತೀವಿ. ಹುಡುಗಿ ಮನೇಲಿಲ್ಲದಿದ್ರೆ ಎದ್ದು ಹೋಗ್ತೀವಿ. ರಜೆ ಮೂಲಾದವರಿಗೆ ಮಾತ್ರ!"

ಅವರ ಅಂಗಿಯ ಜೇಬಿನಿಂದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕಾಗದವೊಂದು ಇಣುಕುತ್ತಿತ್ತು. ಅವಳ ಮನೆಯಿಂದ ಹೋದ ಜಾತಕ. ತೇನ್‌ಮೊಳಿ ಅದನ್ನೇ ನೋಡಿದಳು.

"ಅಣ್ಣಾಚ್ಚೀ, ಆ ಜಾತಕ ಅಮ್ಮ ತಿದ್ದಿಸಿದ್ದು. ಇಲ್ಲಿ ನಿಜವಾಗಿ ಮೂಲಾದಲ್ಲಿ ಹುಟ್ಟಿದವಳು ನಾನೊಬ್ಬಳೇ."