ಕತ್ತೆಗೆ ಹೇಳಿದ ಗುಡ್ಡ

ಗುಡ್ಡ ಹುಡುಕಿದವಳು ನಾನು. ಕತ್ತೆಗೆ ಹೇಳಿದೆ, ಅಳಿಯ ಕೇಳಿಸಿಕೊಂಡ. ನಡೆದದ್ದು ಇಷ್ಟೇ. ಈಗ ಮೊಮ್ಮಕ್ಕಳು ಕೇಳಿದಾಗ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಅಳಿಯ ಹೇಳುವಾಗ ಅದರಲ್ಲಿ ವಿಜ್ಞಾನ ಬರುತ್ತದೆ, ನಮ್ಮವರು ಹೇಳುವಾಗ ದೇವರು ಬರುತ್ತಾನೆ, ಜಯಸಿಂಗಪುರದ ಬೀಗರು ಹೇಳುವಾಗ ಮೊದಲಿನಿಂದ ಕೊನೆಯವರೆಗೆ ಅವರೇ ಬರುತ್ತಾರೆ. ನಾನು ಮೂರನೇ ಇಯತ್ತೆಯವರೆಗೆ ಸಾಲೆಗೆ ಹೋದವಳು. ಅಷ್ಟೇ ಕಲಿತವರಿಗೆ ಕತೆ ಬೆಳೆಸಲು ಬರುವುದಿಲ್ಲ. ಆದ್ದರಿಂದ ಇದನ್ನು ನಾನೇ ಬರೆಯುವುದು ಒಳ್ಳೆಯದು.

ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಅತ್ತೆಯಾದವಳು ಅಳಿಯನ ಕೂಡ ನೇರವಾಗಿ ಮಾತಾಡುವಂತಿಲ್ಲ, ಅವನ ಹೆಸರು ಹೇಳುವಂತಿಲ್ಲ. ಹೇಳದೆ ಹೇಳದೆ ನನಗೆ ಅವನ ಹೆಸರು ಬರೆಯಲೂ ಕೈ ಬರುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅವನು ಪಡಸಾಲೆಯಲ್ಲಿ ಕೂತರೆ ನಾವು ಒಳಗೆ, ತಲೆಯ ಮೇಲೆ ಸೆರಗು. ಏನಾದರೂ ಹೇಳುವುದಿದ್ದರೆ ಮಗಳ ಮುಖಾಂತರ. ಮಗಳು ಇಲ್ಲದಿದ್ದರೆ ಬಾಗಿಲಿಗೆ, ಕಂಬಕ್ಕೆ, ಇಲ್ಲವೆ ಅಂಗಳದ ಎಮ್ಮೆಗೆ. "ಏ ಕಂಬಾ, ನೀರು ಕಾದಾವು, ಜಳಕಕ್ಕ ಏಳಬೇಕಂತ" ಎಂದರೆ ಅಳಿಯ ಏಳುತ್ತಾನೆ. ನಮ್ಮ ಮನೆಯ ಕಂಬದ ಕೂಡ ನಾನು ಆಡಿದಷ್ಟು ಮಾತು ನಮ್ಮವರ ಕೂಡ ಆಡಿಲ್ಲ. ಬೀಗರ ಕೂಡ ಮಾತ್ರ ಯಾವ ಅಡ್ಡಿಯೂ ಇಲ್ಲ. ಅವರನ್ನು ಎಷ್ಟು ಹಂಗಿಸಿದರೂ ಅದು ಮರ್ಯಾದೆಯೇ. ಈ ರೂಢಿ ಹಾಕಿದ ಹಿರಿಯರು ಎಲ್ಲಾ ವಿಚಾರ ಮಾಡಿರಬೇಕು, ಆದರೆ ರೇಡಿಯೋದ ವಿಚಾರ ಮಾಡಿರಲಿಲ್ಲ.

ನನ್ನ ಮಗಳು ನೀಲವ್ವನನ್ನು ಇಚಲಕರಂಜಿಗೆ ಕೊಟ್ಟಿದ್ದೆವು. ಹುಡುಗ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಲಗ್ನದ ಮೊದಲೇ ಗೊತ್ತಿತ್ತು. ಅವನು ರೇಡಿಯೋದ ಕೂಡ ತಿರುಗಿ ಮಾತಾಡುತ್ತಾನೆ ಎಂಬುದು ತಿಳಿದದ್ದು ಲಗ್ನದ ಮೇಲೆ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಸಾಮಾನನ್ನು ಮುಂಬಯಿಯ ಜೂನಾ ಬಜಾರಿನಿಂದ ತಂದು, ಕೂಡಿಸಿ, ಬೆಸುಗೆ ಹಾಕಿ ಒಂದು ಡಬ್ಬಿ ಮಾಡಿದ್ದ. ಅದರಿಂದ ಕೇಳಲೂ ಬರುತ್ತಿತ್ತು, ಮಾತಾಡಲೂ ಬರುತ್ತಿತ್ತು. ಪರೀಕ್ಷೆಗೆ ಕೂತು ದಿಲ್ಲಿಯಿಂದ ಪರವಾನಗಿ ತರಿಸಿದ್ದ. ಮನೆಯ ಹೊರಗೆ ಒಯ್ದು ಹಚ್ಚಲು ಬೇರೆ ಅಪ್ಪಣೆ ಬೇಕಂತೆ, ಅದನ್ನೂ ತರಿಸಿದ್ದ. ಇಂಥ ಡಬ್ಬಿ ಇಟ್ಟುಕೊಂಡವರು ಊರೂರಲ್ಲಿ ಇದ್ದಾರಂತೆ. ಒಬ್ಬ ಕೇಳುತ್ತಾನೆ, ಕೇಳಿಸುತ್ತದೆಯೇ? ಇನ್ನೊಬ್ಬ ಹೇಳುತ್ತಾನೆ, ಕೇಳಿಸುತ್ತದೆ, ನಿಮಗೆ? ನಮಗೂ ಕೇಳಿಸುತ್ತದೆ. ಅಲ್ಲಿಗೆ ಇಬ್ಬರಿಗೂ ಸಂತೋಷ. ಇದೇನು ಹುಚ್ಚು ಎಂದು ಮೊದಲು ನನಗೂ ಅನಿಸಿತ್ತು. ಆಮೇಲೆ ವಿಚಾರ ಮಾಡಿದೆ. ಗಂಡಹೆಂಡಿರ ನಡುವೆಯೂ ಇಷ್ಟು ಸರಳವಾದ ಮಾತು ಆಗುವುದಿಲ್ಲ.

ಆದರೆ ಅವರ ಮನೆ ಇಚಲಕರಂಜಿಯ ಶಹಾಪುರ ಭಾಗದಲ್ಲಿ. ಎಡಕ್ಕೆ ಮಗ್ಗದ ಶೆಡ್ಡು, ಬಲಕ್ಕೆ ಮಗ್ಗದ ಶೆಡ್ಡು, ಹಿಂದೆ ನೇಕಾರರ ಸಾಲುಮನೆಗಳ ಚಾಳ. ಕಿವಿಗೆ ಕೇಳುವ ಖಟಖಟ ಬೇರೆ, ಕರೆಂಟಿನ ಮೋಟಾರುಗಳು ಡಬ್ಬಿಯೊಳಗೆ ಎಬ್ಬಿಸುವ ಸಪ್ಪಳ ಬೇರೆ. ಡಬ್ಬಿ ಹಚ್ಚಿದರೆ ಕಡಲೆ ಹುರಿದಂತೆ ಚರಚರ ಎನ್ನುತ್ತಿತ್ತು. ಅದರ ನಡುವೆ ಯಾವ ಊರಿನವನು ಏನು ಅಂದರೂ ತಿಳಿಯುವಂತಿರಲಿಲ್ಲ. ಆದ್ದರಿಂದ ಅಳಿಯನಿಗೆ ಗುಡ್ಡ ಬೇಕಾಯಿತು. ಎತ್ತರ ಇರಬೇಕು, ಮೋಟಾರು ಇರಬಾರದು, ಬ್ಯಾಟರಿ ಒಯ್ಯಲು ದಾರಿ ಇರಬೇಕು, ಉದ್ದನೆಯ ತಂತಿ ಕಟ್ಟಲು ಆಚೆ ಈಚೆ ಆಸರೆ ಇರಬೇಕು. ಕನ್ಯೆ ನೋಡುವಾಗಲೂ ಅವನು ಇಷ್ಟು ನೋಡಿರಲಿಲ್ಲ. ನೀಲವ್ವನನ್ನು ನೋಡಲು ಬಂದಾಗ ನಮ್ಮ ಮನೆಯ ರೇಡಿಯೋದ ಬೆನ್ನು ಬಿಚ್ಚಿ ಕೂತಿದ್ದ.

ನೀಲವ್ವ ಬಸುರಿಯಾಗಿ ಗಡಹಿಂಗ್ಲಜಕ್ಕೆ ನಮ್ಮ ಮನೆಗೆ ಬಂದಳು. ಅಳಿಯ ರವಿವಾರಕ್ಕೊಮ್ಮೆ ಅವಳನ್ನು ನೋಡುವ ನೆವದಿಂದ ಎಸ್‌ಟಿ ಬಸ್ಸಿನಲ್ಲಿ ಡಬ್ಬಿ ಹೇರಿಕೊಂಡು ಬಂದು ನಮ್ಮ ಕಡೆಯ ಗುಡ್ಡಗಳನ್ನು ಹತ್ತತೊಡಗಿದ. ಒಂದು ಗುಡ್ಡದ ಮೇಲೆ ತಂತಿ ಎಸೆಯುವಾಗ ಜೇನುಹುಟ್ಟಿಗೆ ತಾಗಿ, ಮುಖ ಬೂದಗುಂಬಳವಾಗಿ ಬಂದ. ಇನ್ನೊಂದರ ಮೇಲೆ ಪೂಜಾರಿ, ತಂತಿ ಕಟ್ಟಿದರೆ ದೇವರ ಶಕ್ತಿ ಇಳಿದು ಇಚಲಕರಂಜಿಗೆ ಹೋಗುತ್ತದೆ ಎಂದು ಗುಡಿಯ ಕಂಬ ಮುಟ್ಟಗೊಡಲಿಲ್ಲ. ಮೂರನೆಯದರಲ್ಲಿ ಬ್ಯಾಟರಿಯ ನೀರು ಸೋರಿ, ಹೊತ್ತ ಆಳಿನ ಧೋತರ ಸುಟ್ಟು ಜಾಳಿಗೆಯಂತೆ ಆಯಿತು. ಅಂದಿನಿಂದ ಪೇಟೆಯಲ್ಲಿ ಯಾವ ಆಳೂ ಅದನ್ನು ಹೊರಲು ಒಪ್ಪಲಿಲ್ಲ. ಹಾಗಾಗಿ ಕುಂಬಾರ ಮಲ್ಲಪ್ಪನ ಕತ್ತೆ ಬಂತು. ಅದು ಧೋತರ ಉಡುವುದಿಲ್ಲ.

ಈ ಸುದ್ದಿಯೆಲ್ಲ ಜಯಸಿಂಗಪುರಕ್ಕೆ ಮುಟ್ಟಿತು. ಅಳಿಯನ ತಂದೆ, ಎಂದರೆ ನಮ್ಮ ಬೀಗರು, ಅಲ್ಲಿ ದೊಡ್ಡ ಬೆಲ್ಲದ ವ್ಯಾಪಾರಿ. ದನಿಯೂ ದೊಡ್ಡದು, ಮೀಸೆಯೂ ದೊಡ್ಡದು. ಒಂದು ಶನಿವಾರ ಮಗನ ಕೂಡವೇ ಬಂದು, ನಮ್ಮ ಪಡಸಾಲೆಯಲ್ಲಿ ಕೂತು ಅವನಿಗೆ ತೀರ್ಪು ಕೊಟ್ಟರು. "ನಾಳಿ ಒಂದು ದಿನ ನೋಡತೇನಿ. ನನ್ನ ಕಣ್ಣಮುಂದ ಆ ಡಬ್ಬ್ಯಾಗ ಮನಷ್ಯಾ ಮಾತಾಡಬೇಕು. ತಾರಾಫೀಸಿನಂಗ ಟಿಕ್ ಟಿಕ್ ಅಂದ್ರ ನಡ್ಯಾಂಗಿಲ್ಲ, ಅದು ಕೋಳಿ ಕಾಳು ತಿಂದಂಗ. ಮಾತಾಡ್ಲಿಲ್ಲಾಂದ್ರ ಡಬ್ಬಿ ಹಳೀ ಕಬ್ಬಿಣಾ ಕೊಳ್ಳೋ ಮೋಡಕಾದಾಂವಗ, ಅಂಗಡಿಗೆ ಕೀಲಿ, ಗಂಡಹೆಂಡ್ತಿ ಇಬ್ಬರೂ ಜಯಸಿಂಗಪುರಕ್ಕ."

ಜಯಸಿಂಗಪುರದ ಮನೆಯಲ್ಲಿ ನೆಗೆಣ್ಣಿಯರು, ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಇದ್ದರು. ಶಹಾಪುರದಲ್ಲಿ ನೀಲವ್ವ ತನ್ನ ಒಲೆಯ ಯಜಮಾನಿ. ಅವಳು ಅಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು, ಅಷ್ಟೇ. ನಮ್ಮ ಮನೆತನದ ಹೆಣ್ಣುಮಕ್ಕಳು ಹಾಗೆಯೇ ಅಳುವುದು. ಆ ಸಪ್ಪಳ ಕೇಳಿ ನಾನು ಕಂಬಕ್ಕೆ ಹೇಳಿದೆ, "ನಾಳಿ ಬುತ್ತಿ ಕಟಗೊಂಡು ನಾನೂ ಬರತೇನಿ." ನಮ್ಮವರಿಗೆ ದಲಾಲಿಯ ಅಡತಿ ಅಂಗಡಿ ಬಿಟ್ಟು ಬರುವಂತಿರಲಿಲ್ಲ, ಮರುದಿನ ಸಂತೆ. ಬೀಗರು ಸರಿಯಾಗಿ ಸಾಕ್ಷಿ ಹೇಳುತ್ತಾರೆಂದು ನನಗೆ ಭರವಸೆ ಇರಲಿಲ್ಲ.

ಮರುದಿನ ಅಳಿಯ ಆ ಭಾಗದ ಎಲ್ಲಕ್ಕಿಂತ ಎತ್ತರದ ಗುಡ್ಡವನ್ನೇ ಆರಿಸಿದ. ಮುಂದೆ ಮಲ್ಲಪ್ಪ, ಅವನ ಹಿಂದೆ ಬ್ಯಾಟರಿ ಡಬ್ಬಿ ಹೊತ್ತ ಕತ್ತೆ, ಬಿದಿರು ಹೊತ್ತ ಅಳಿಯ, ಛತ್ರಿ ಹಿಡಿದ ಬೀಗರು, ಕೊನೆಗೆ ಬುತ್ತಿಯ ಗಂಟು ಹೊತ್ತ ನಾನು. ಬೀಗರು ಮೂರು ಹೆಜ್ಜೆಗೊಮ್ಮೆ ನಿಂತು ಊರು ನೋಡುವ ನೆವ ಮಾಡಿ ಉಸಿರು ಎಳೆದುಕೊಳ್ಳುತ್ತಿದ್ದರು.

"ಯಾಕ್ರಿ ಬೀಗರ, ಬೆಲ್ಲದ ಪೆಂಟಿ ಎತ್ತೋ ಮಂದಿ ನೀವು, ಹೊಟ್ಟಿ ಎತ್ತಾಕ ಆಗವಲ್ದೇನು?" ಎಂದೆ.

"ಬೀಗತ್ಯಾರ, ಈ ಹೊಟ್ಟ್ಯಾಗ ನಿಮ್ಮ ಮನಿ ಹೋಳಿಗಿ ಅದಾವು. ಇಳಿಸಿ ಬರಾಕ ಬರಾಂಗಿಲ್ಲ" ಎಂದರು.

ಮೇಲೆ ಹೋದರೆ ಗುಡ್ಡ ಬೋಳು. ಅಳಿಯ ಬಿದಿರು ನೆಟ್ಟ, ಗಾಳಿ ಕೆಡವಿತು. ಮಲ್ಲಪ್ಪ ಹಿಡಿದು ನಿಂತ, ಗಾಳಿ ಮಲ್ಲಪ್ಪನನ್ನೂ ಅಲುಗಾಡಿಸಿತು. ಹೇಗೋ ತಂತಿ ಎಳೆದು ಡಬ್ಬಿ ಹಚ್ಚಿದರೆ ಒಳಗೆ ಭೋಂ ಎಂಬ ಒಂದೇ ರಾಗ. ಕೆಳಗೆ ನೋಡಿದೆ. ಹೊಳೆಯ ದಂಡೆಯ ಕಬ್ಬಿಗೆ ನೀರೆತ್ತುವ ಪಂಪುಗಳಿಗೆ ಹೊಸದಾಗಿ ಎಳೆದ ಕರೆಂಟಿನ ತಂತಿ ಆ ಗುಡ್ಡದ ಬುಡಕ್ಕೇ ತಾಗಿ ಹೋಗಿತ್ತು. ಪುಣೆಯಲ್ಲಿ ಅಳಿಯನ ಸ್ನೇಹಿತನೊಬ್ಬ ಇಂಥದೇ ಡಬ್ಬಿ ಹಚ್ಚಿಕೊಂಡು ರವಿವಾರ ಮಧ್ಯಾಹ್ನದವರೆಗೆ ಕಾಯುತ್ತೇನೆಂದಿದ್ದ. ಹೊತ್ತು ಏರುತ್ತಿತ್ತು. ಅಳಿಯ ಬೆವರು ಒರೆಸುತ್ತ ಗುಂಡಿ ತಿರುಗಿಸುತ್ತಲೇ ಇದ್ದ. ಬೀಗರು ಛತ್ರಿಯ ಕೆಳಗೆ ಕೂತು, "ಮೋಡಕಾದಾಂವಾ ತೂಕದ ಮ್ಯಾಲ ತಗೋತಾನೋ, ಹಂಗ ತಗೋತಾನೋ?" ಎಂದು ಮಲ್ಲಪ್ಪನನ್ನು ಕೇಳುತ್ತಿದ್ದರು.

ಎದುರಿಗೆ, ಹೊಳೆಯಿಂದ ದೂರಕ್ಕೆ, ಒಂದು ಗಿಡ್ಡ ಗುಡ್ಡ ಕಾಣುತ್ತಿತ್ತು. ನೋಡಲು ಏನೂ ಚೆಂದವಿಲ್ಲ, ಬೋರಲಾಗಿಟ್ಟ ಬುಟ್ಟಿಯಂತೆ. ಆದರೆ ಅದರ ನೆತ್ತಿಯ ಮೇಲೆ ಎರಡು ದೊಡ್ಡ ಹುಣಸೆ ಮರ. ಓದುವವರಿಗೆ ನಿಜವನ್ನೇ ಹೇಳುತ್ತೇನೆ, ನಾನು ನೋಡಿದ್ದು ಮರವನ್ನಲ್ಲ, ನೆರಳನ್ನು. ಬುತ್ತಿಯ ಮೊಸರನ್ನ ಬಿಸಿಲಿಗೆ ಹುಳಿಯಾಗುತ್ತಿತ್ತು. ಅಳಿಯನಿಗೆ ನೇರ ಹೇಳುವಂತಿಲ್ಲ, ಕಂಬ ಮನೆಯಲ್ಲಿ ಉಳಿದಿತ್ತು. ಪಕ್ಕದಲ್ಲಿ ನಿಂತಿದ್ದು ಕತ್ತೆ.

"ಏ ಕತ್ತೀ, ಇಲ್ಲಿ ಏನ್ ಭೋಂ ಅನಿಸಿಕೋತ ನಿಂತೀ? ಆ ಗುಡ್ಡಕ್ಕ ನಡಿ. ಎರಡು ಗಿಡ ಅದಾವು, ಕರೆಂಟ್ ತಂತಿ ಇಲ್ಲ. ನೆರಳಿಗೆ ಕುಂತು ಊಟಾರ ಮಾಡೂಣು."

ಮಲ್ಲಪ್ಪ ನಕ್ಕ. "ಅವ್ವಾರ, ಅದಕ್ಕ ನಿಮ್ಮ ಕನ್ನಡ ತಿಳ್ಯಾಂಗಿಲ್ರಿ. ಆಜರಾದಿಂದ ತಂದೇನಿ, ಮರಾಠಿ ಕತ್ತಿ ಅದು."

ನಾನು ಬಿಡುವವಳೇ? "ಚಲ್ ರೇ ಬಾಬಾ, ತಿಕಡೇ ಚಲ್" ಎಂದೆ. ಕತ್ತೆ ಕದಲಲಿಲ್ಲ. ಆದರೆ ಅಳಿಯ ಎದ್ದು ನಿಂತ. ಅವನು ಎದುರಿನ ಗುಡ್ಡ ನೋಡಿದ, ಎರಡು ಮರ ನೋಡಿದ, ಕೆಳಗಿನ ತಂತಿ ನೋಡಿದ. ಆಮೇಲೆ ನನ್ನನ್ನು ನೋಡುವಂತಿಲ್ಲವಲ್ಲ, ಕತ್ತೆಯನ್ನೇ ನೋಡಿ, "ಭಾಳ ಬರೋಬ್ಬರಿ ಹೇಳಿದಿ" ಎಂದು ತಂತಿ ಸುತ್ತತೊಡಗಿದ. ಊಟದ ಮಾತು ಅವನ ಕಿವಿಗೆ ಬಿದ್ದಿರಲೇ ಇಲ್ಲ.

ಗಿಡ್ಡ ಗುಡ್ಡದ ಮೇಲೆ ಮಲ್ಲಪ್ಪ ಕಲ್ಲಿಗೆ ಹಗ್ಗ ಕಟ್ಟಿ ಎರಡೂ ಮರಗಳ ತುದಿಗೆ ಎಸೆದ. ತಂತಿ ಮೇಲೇರಿತು. ನಡುವೆ ಜೋತುಬಿದ್ದದ್ದನ್ನು ನೋಡಿ ನಾನು ಕತ್ತೆಗೆ, "ಒಣಾಕ ಹಾಕಿದ ಹಗ್ಗ ಜೋತಬಿದ್ರ ಸೀರಿ ಮಣ್ಣಾಗೂದಿಲ್ಲೇನೋ? ಇನ್ನಷ್ಟ ಜಗ್ಗಬೇಕಪಾ" ಎಂದೆ. ಅಳಿಯ ಜಗ್ಗಿದ. ಡಬ್ಬಿ ಹಚ್ಚಿದಾಗ ಭೋಂ ಇರಲಿಲ್ಲ, ಚರಚರ ಇರಲಿಲ್ಲ. ಬಾವಿಯೊಳಗೆ ಇಣುಕಿದಂತೆ ಸಣ್ಣ ಸುಯ್ ಎಂಬ ಸದ್ದು. ಅದರೊಳಗಿಂದ ಒಬ್ಬ ಮನುಷ್ಯ ಮರಾಠಿಯಲ್ಲಿ ಕರೆದ. ನಾನು ಬುತ್ತಿ ಬಿಚ್ಚುತ್ತಿದ್ದೆ. ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಕೇಳಿದ್ರೇನು ಬೀಗರ? ಮನಷ್ಯಾ ಮಾತಾಡಾಕತ್ತಾನ" ಎಂದೆ.

ಬೀಗರು ಮೀಸೆ ತಿರುವಿದರು. "ರೇಡಿಯೋದಾಗ ಮಂದಿ ಹಾಡ್ತಾರ, ಭಾಷಣಾನೂ ಮಾಡ್ತಾರ. ಹಂಗಂತ ಅವರು ನನ್ನ ಮಾತು ಕೇಳಿದಂಗಾತೇನು? ಈ ಮನಷ್ಯಾ ನಮ್ಮನ್ನ ಕೇಳ್ಯಾನ ಅನ್ನಾಕ ಏನು ಖೂನ, ಏನು ಗುರುತು?"

ಸಿಟ್ಟು ಬಂತು. ಆದರೆ ಮಾತು ತಪ್ಪಾಗಿರಲಿಲ್ಲ. ಬೆಲ್ಲ ಮುರಿದು ನೋಡದೆ ತೆಗೆದುಕೊಳ್ಳುವ ಮನುಷ್ಯನಲ್ಲ ಅವರು. ಅಳಿಯ ಮೈಕು ಹಿಡಿದು ತನ್ನ ಊರು, ಗುಡ್ಡ, ಹವಾಮಾನ ಎಲ್ಲ ಹೇಳತೊಡಗಿದ. ಅಷ್ಟರಲ್ಲಿ ಕತ್ತೆ ನನ್ನ ಕೈಯಲ್ಲಿದ್ದ ರೊಟ್ಟಿ ಕಂಡು ಹತ್ತಿರ ಬಂತು. ನಾನು ಕೈ ಹಿಂದೆ ಸರಿಸಿದೆ. ಅದು ಕತ್ತು ಮುಂದೆ ಚಾಚಿತು. ನಾನು ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿದೆ. ಆಗ ಅದು ಅಳಿಯನ ಹೆಗಲ ಮೇಲಿಂದ ಮೈಕಿನೊಳಗೆ ಬಾಯಿ ತೆರೆದು, ಹೊಳೆಯ ಆಚೆಯ ಊರಿಗೂ ಕೇಳುವಂತೆ ಒದರಿತು. ಒಮ್ಮೆ ಶುರು ಮಾಡಿದ ಕತ್ತೆ ನಡುವೆ ನಿಲ್ಲಿಸುವುದಿಲ್ಲ. ಅಳಿಯ ಮೈಕು ಮುಚ್ಚುವುದನ್ನೂ ಮರೆತು ಕೂತ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯಿತು, ನನ್ನ ರೊಟ್ಟಿಯಿಂದ ನನ್ನ ಮಗಳ ಒಲೆ ಆರಿತು ಎಂದುಕೊಂಡೆ.

ಅಳಿಯ ಗುಂಡಿ ತಿರುಗಿಸಿದ. ಪುಣೆಯವನು ಕೇಳಿದ, "ಅಹೋ, ಆವಾಜ ಛಾನ ಯೇತೋಯ. ಪಣ ತುಮಚ್ಯಾಕಡೇ ಗಾಢವ ಓರಡತಂಯ ಕಾ?" ಅಂದರೆ, ದನಿ ಚೆನ್ನಾಗಿ ಬರುತ್ತಿದೆ, ಆದರೆ ನಿಮ್ಮ ಕಡೆ ಕತ್ತೆ ಒದರುತ್ತಿದೆಯೇನು?

ಬೀಗರ ನಗೆ ಬಾಯಲ್ಲೇ ನಿಂತಿತು. ಮಲ್ಲಪ್ಪನೇ ಮೊದಲು ಮಾತಾಡಿದ. "ನಾ ಹೇಳಿರಲಿಲ್ಲೇನ್ರಿ ಅವ್ವಾರ, ಮರಾಠಿ ಕತ್ತಿ ಅಂತ? ಪುಣೇದಾವರಿಗೆ ಲಗೂನ ತಿಳೀತು ನೋಡ್ರಿ."

ಬೀಗರು ಛತ್ರಿ ಮಡಚಿದರು. "ಇರ್ಲಿ ಬಿಡು ಡಬ್ಬಿ" ಎಂದು ಮಗನಿಗೆ ಹೇಳಿ, ನನ್ನ ಕಡೆ ತಿರುಗಿ, "ಬೀಗತ್ಯಾರ, ನಿಮ್ಮ ಮಾತು ಕತ್ತೀನೂ ಕೇಳತೈತಿ. ನನ್ನ ಮಾತು ಹೊಟ್ಟ್ಯಾಗ ಹುಟ್ಟಿದ ಮಗಾನೂ ಕೇಳವಲ್ಲ" ಎಂದರು. ಅಂದು ಮೊಸರನ್ನವನ್ನು ಅವರಿಗೆ ಎರಡು ಸಲ ಬಡಿಸಿದೆ. ಕತ್ತೆಗೆ ರೊಟ್ಟಿ ಕೊಟ್ಟೆ.

ಸಂಜೆ ಮನೆಯಲ್ಲಿ ಅಳಿಯ ಎಲ್ಲರೆದುರು ನೀಲವ್ವನಿಗೆ ಹೇಳಿದ, ಎತ್ತರ ನೋಡಿ ನೋಡಿ ತಾನು ಕೆಟ್ಟೆ, ಗುಡ್ಡ ಆರಿಸುವ ಕಣ್ಣು ಅಂದರೆ ಅತ್ಯಾರದು ಎಂದು. ನಾನು ಒಳಗೆ ನಿಂತು ಕೇಳಿದೆ. ನೆರಳಿನ ಮಾತು, ಮೊಸರನ್ನದ ಮಾತು ಎತ್ತಲಿಲ್ಲ. ಅಳಿಯನ ಮಾತಿಗೆ ಎದುರಾಡುವುದೂ ನಮ್ಮ ರೂಢಿಯಲ್ಲಿಲ್ಲ. ನಮ್ಮವರು ಮಾತ್ರ ನಕ್ಕು, "ಕತ್ತಿಗೆ ಹೇಳಿ ಕೆಲಸ ಮಾಡಿಸೂದು ಆಕಿಗೇನು ಹೊಸಾದಲ್ಲ. ನನ್ನ ಕೂಡ ಲಗ್ನ ಆದಾಗಿಂದ ಅದನ್ನ ಮಾಡಾಕತ್ತಾಳ" ಎಂದರು. ಅದಕ್ಕೂ ನಾನು ಎದುರಾಡಲಿಲ್ಲ.

ಮರುದಿನ ಬೆಳಿಗ್ಗೆ ಎಮ್ಮೆ ಹಿಂಡುವಾಗ, ನನ್ನ ತವರಿನ ದಾರಿಯಲ್ಲಿರುವ ಒಂದು ಗುಡ್ಡ ನೆನಪಾಯಿತು. ಅದರ ಮೇಲೆ ಮೂರು ಮರ. ಇನ್ನು ಈ ಕಂಬ, ಬಾಗಿಲು ಯಾಕೆ, ಬೀಗರನ್ನೇ ಗೆದ್ದವಳು ನಾನು ಎಂದುಕೊಂಡು, ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಹೋಗಿ ಚಹಾ ಕುಡಿಯುತ್ತಿದ್ದ ಅಳಿಯನ ಎದುರಿಗೇ ನಿಂತು, "ಅಳಿಯಂದ್ರ, ಇನ್ನೊಂದು ಗುಡ್ಡ ಐತ್ರಿ" ಎಂದೆ. ಅವನ ಕೈಯಲ್ಲಿದ್ದ ಬಶಿ ಕೆಳಗೆ ಬಿತ್ತು. ಚಹಾವೆಲ್ಲ ಧೋತರದ ಮೇಲೆ. ಕಿವಿ ಕೆಂಪಾಗಿ, ನೆಲ ನೋಡುತ್ತ ಎದ್ದು ಹಿತ್ತಲಿಗೆ ಹೋದವನು ಒಳಗೆ ಬರಲೇ ಇಲ್ಲ. ನಾನು ನೇರ ಆಡಿದ ಒಂದು ಮಾತೂ ಅವನ ಕಿವಿಯೊಳಗೆ ಇಳಿದಿರಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಕುಂಬಾರ ಓಣಿಗೆ ಹೋಗಿ ಮಲ್ಲಪ್ಪನ ಬಾಗಿಲಲ್ಲಿ ನಿಂತು ಕೂಗಿದೆ: "ಏ ಮಲ್ಲಪ್ಪಾ, ಕತ್ತಿ ಹಿಡಕೊಂಡು ನಮ್ಮ ಮನಿಗೆ ಬಾರೋ. ಅಳಿಯನ ಕೂಡ ಒಂದೀಟು ಮಾತಾಡೂದೈತಿ."