ಒಳಗೆ ನೋಡುವ ಮುಖಗಳು

ಎಡಗಡೆ ಇದ್ದದ್ದು ಮಿಂಚೋ, ಗಡಿಯಾರವೋ?

ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ನಿನ್ನೆ ಸಂಜೆ ಪತ್ರಿಕೆಯ ಕ್ರೀಡಾಪುಟ ಕಟ್ಟುವಾಗ ಗಡಿಯಾರ ಎಂದು ಎಲ್ಲರೂ ಕರೆಯುವ ಆಟಗಾರನ ಚಿತ್ರ ಪುಟದ ಹೊರಗೆ ಮುಖ ಮಾಡಿತ್ತು. ಮುಖ ಯಾವತ್ತೂ ಪುಟದ ಒಳಗೇ ನೋಡಬೇಕು, ಹೊರಗೆ ನೋಡಿದರೆ ಓದುವವನ ಕಣ್ಣೂ ಅದರ ಜೊತೆ ಆಚೆ ಹೋಗುತ್ತದೆ. ಪುಟ ಕಟ್ಟುವವರು ಮೊದಲ ದಿನವೇ ಕಲಿಯುವ ಪಾಠ ಅದು. ಹಾಗಾಗಿ ಅವನು ಪಕ್ಕದ ಆಟಗಾರ ಮಿಂಚಿನದೂ ಸೇರಿ ಎರಡು ಚಿತ್ರಗಳನ್ನೂ ಅದಲುಬದಲು ಮಾಡಿದ್ದ. ಕೆಳಗಿನ ಹೆಸರುಗಳನ್ನೂ ಬದಲಿಸಿದ್ದ. ಹೆಸರಿನ ಕೆಳಗಿನ ಅಂಕಿಗಳನ್ನು?

ಬಾಯಿ ತೊಳೆಯದೆ ಪತ್ರಿಕೆ ಬಿಡಿಸಿ ನೋಡಿದ. ಯಜಮಾನರು ಮನೆ ಬದಲಾಯಿಸಿದ್ದು ಗೊತ್ತಾಗದ ಬೆಕ್ಕುಗಳ ಹಾಗೆ ಅಂಕಿಗಳು ಇದ್ದಲ್ಲೇ ಕೂತಿದ್ದವು.

ಊರಿನಲ್ಲಿ ಎರಡು ಬ್ಯಾಸ್ಕೆಟ್‌ಬಾಲ್ ತಂಡಗಳು. ಒಂದರ ಪಾಯಿಂಟ್ ಗಾರ್ಡ್ ಮಿಂಚು, ಇನ್ನೊಂದರದು ಗಡಿಯಾರ. ಚೆಂಡು ತಂದು ಆಟ ನಡೆಸುವ ಕೆಲಸ ಇಬ್ಬರದೂ ಒಂದೇ, ನಡೆಸುವ ರೀತಿ ಮಾತ್ರ ಬೇರೆ. ಮಿಂಚು ತಾನೇ ನುಗ್ಗಿ ಬುಟ್ಟಿಗೆ ಹಾಕುವವನು. ಪಂದ್ಯಕ್ಕೆ ಇಪ್ಪತ್ತೇಳು ಅಂಕ, ಬೇರೆಯವರಿಂದ ಹಾಕಿಸಿದ ಪಾಸು ಬರೀ ಮೂರು. ಗಡಿಯಾರ ಹೊತ್ತು ನೋಡಿ ಹಂಚುವವನು. ಅಂಕ ಒಂಬತ್ತು, ಪಾಸು ಹನ್ನೆರಡು. ಇಂದಿನ ಪತ್ರಿಕೆಯ ಪ್ರಕಾರ ಗಡಿಯಾರ ಇಪ್ಪತ್ತೇಳು ಹೊಡೆಯುತ್ತಿದ್ದ, ಮಿಂಚು ಊರಿಗೆಲ್ಲ ಹಂಚುತ್ತಿದ್ದ.

ಬೇರೆ ದಿನವಾಗಿದ್ದರೆ ಬೈಸಿಕೊಂಡು ಬರಬಹುದಿತ್ತು. ಆದರೆ ನಾಲ್ಕು ವರ್ಷದಿಂದ ತಾತ್ಕಾಲಿಕ ಎಂಬ ಪದವನ್ನು ಬೆನ್ನಿಗೆ ಅಂಟಿಸಿಕೊಂಡು ಓಡಾಡಿದ್ದವನಿಗೆ ಇಂದು ಸಂಜೆ ನಾಲ್ಕಕ್ಕೆ ಕೆಲಸ ಕಾಯಂ ಆದ ಕಾಗದ ಕೈಸೇರುವುದಿತ್ತು. ಹೆಂಡತಿ ತನ್ನ ತವರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದಳು. ತವರೆಂದರೆ ಮೇಲಿನ ಮಹಡಿ, ಹಾಗಾಗಿ ಸುದ್ದಿಗೆ ಹೆಚ್ಚು ಹೊತ್ತು ಹಿಡಿದಿರಲಿಲ್ಲ.

ಮೆಟ್ಟಿಲಿಳಿದರೆ ಕೆಳಗೆ ಕ್ಷೌರದ ಅಂಗಡಿ. ಅಂಗಡಿಯವನು ಮಿಂಚಿನ ಕಡೆ, ಕುರ್ಚಿಯಲ್ಲಿ ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಮಾವ ಗಡಿಯಾರನ ಕಡೆ. ಒಂಬತ್ತು ವರ್ಷದಿಂದ ಅವರಿಬ್ಬರದು ಒಂದೇ ಜಗಳ. ಬುಟ್ಟಿಗೆ ಬಿದ್ದರೆ ತಾನೆ ಆಟ ಎಂದು ಒಬ್ಬ, ಹಂಚುವವನೇ ದೊಡ್ಡವನು ಎಂದು ಇನ್ನೊಬ್ಬರು. ಒಂದು ಪಂದ್ಯವನ್ನೂ ಬಿಟ್ಟವರಲ್ಲ. ಇವರ ಕಣ್ಣು ತಪ್ಪುವುದು ಸಾಧ್ಯವೇ ಇಲ್ಲ ಎಂದುಕೊಂಡು ಅವನು ಬಾಗಿಲಲ್ಲೇ ನಿಂತ.

"ಅಂಕ ಯಾರು ಬೇಕಾದ್ರೂ ಹೊಡೀತಾರೆ," ಅಂಗಡಿಯವನು ಕತ್ತಿ ಮಸೆಯುತ್ತ ಹೇಳುತ್ತಿದ್ದ. "ಹಂಚೋಕೆ ದೊಡ್ಡ ಮನಸ್ಸು ಬೇಕು ಸಾರ್."

"ಮನಸ್ಸು ಕಟ್ಕೊಂಡು ಏನ್ ಮಾಡ್ತೀಯ," ಎಂದರು ಮಾವ ನೊರೆಯೊಳಗಿಂದ. "ಬುಟ್ಟಿಗೆ ಬಿದ್ರೆ ತಾನೆ ಆಟ."

ಅವನು ಇಬ್ಬರ ಮುಖವನ್ನೂ ಕನ್ನಡಿಯಲ್ಲಿ ನೋಡಿದ. ಕನ್ನಡಿಯ ಕೆಳಗೆ ಇಂದಿನ ಕ್ರೀಡಾಪುಟ ಬಿಚ್ಚಿಕೊಂಡು ಬಿದ್ದಿತ್ತು. ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿ ಕೂತಿತ್ತು, ಇಬ್ಬರಿಗೂ ಅದು ತಮ್ಮ ಹಳೆಯ ಮಾತೇ. ಹೆದರಿಕೆಯ ಜಾಗದಲ್ಲಿ ಅವನಿಗೆ ಕುತೂಹಲ ಹುಟ್ಟಿತು. ಹಾಗಾದರೆ ಇವರು ಒಂಬತ್ತು ವರ್ಷ ನೋಡಿದ್ದು ಏನನ್ನು?

"ಅಳಿಯಂದಿರೇ, ಕಾಗದ ಇವತ್ತು ತಾನೆ?" ಮಾವ ಕೇಳಿದರು. ಅವನು ತಲೆಯಾಡಿಸಿ ಅಲ್ಲಿಂದ ಜಾರಿಕೊಂಡ.

ಕಚೇರಿಯಲ್ಲೂ ಅದೇ ಗಾಳಿ. ಫೋನಿನ ಮುಂದೆ ಕೂರುವ ಅಕ್ಕ, ಬೆಳಗಿನಿಂದ ನಲವತ್ತಾರು ಕರೆ ಬಂದವೆಂದೂ ಎಲ್ಲರೂ ಇಂದಿನ ಅಂಕಿಗಳ ಪಟ್ಟಿಯನ್ನು ಹೊಗಳುವವರೇ ಎಂದೂ ತಿಳಿಸಿದಳು. ಕ್ರೀಡಾ ವರದಿಗಾರನಂತೂ ನಾಳೆಯ ಪುಟಕ್ಕೆ ಗಡಿಯಾರನೊಳಗಿನ ಗುಡುಗಿನ ಬಗ್ಗೆ ಮುಕ್ಕಾಲು ಲೇಖನ ಬರೆದಾಗಿತ್ತು. ಈ ಗುಡುಗನ್ನು ತಾನು ಮೂರು ವರ್ಷದ ಹಿಂದೆಯೇ ಕೇಳಿಸಿಕೊಂಡಿದ್ದೆ ಎಂದು ಮೊದಲ ಸಾಲಲ್ಲೇ ಹೇಳಿಕೊಂಡಿದ್ದ.

ಅವನು ತನ್ನ ಮೇಜಿಗೆ ಹೋಗಿ ತಿದ್ದುಪಡಿಯ ಎರಡು ಸಾಲು ಬರೆದ, ಹರಿದ, ಮತ್ತೆ ಬರೆದ. ಸುಮ್ಮನಿದ್ದರೆ ಕಾಗದ ಕೈಗೆ ಬರುತ್ತದೆ. ಆದರೆ ಯಾರಾದರೊಬ್ಬರಿಗೆ ಆಟ ನಿಜವಾಗಿ ಕಂಡಿರಬಹುದೇ ಎಂಬ ಹುಳ ತಲೆಯೊಳಗೆ ಕೊರೆಯುತ್ತಿತ್ತು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿದ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಚೀಟಿ ಜೇಬಿಗಿಟ್ಟು ಸಂಪಾದಕರ ಕೋಣೆಗೆ ಹೋದ.

ಕಾಯಂ ಆದ ಕಾಗದ ಮೇಜಿನ ಮೇಲೇ ಇತ್ತು. ಸಂಪಾದಕರು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಕೂತ್ಕೊಳ್ಳಿ. ಮಿಂಚು ಹಂಚಿ ಆಡೋ ಹುಡುಗ ಅಂತ ನಾನು ಮೊದಲಿಂದ ಹೇಳ್ತಿದ್ದೆ. ನಿಮ್ಮ ಪಟ್ಟಿ ಬರೋವರೆಗೆ ಒಬ್ಬರೂ ಕೇಳಲಿಲ್ಲ."

"ಸರ್, ಆ ಪಟ್ಟಿ ತಪ್ಪು," ಎಂದ ಅವನು. "ಮುಖ ಒಳಗೆ ನೋಡ್ಲಿ ಅಂತ ಚಿತ್ರ ಬದಲಾಯಿಸಿದೆ. ಅಂಕಿ ಬದಲಾಯಿಸೋದು ಮರೆತೆ."

ಜೇಬಿನಿಂದ ತೆಗೆದು ಕೊಟ್ಟ ತಿದ್ದುಪಡಿಯ ಚೀಟಿಯನ್ನು ಸಂಪಾದಕರು ಓದಿದರು. ಆಮೇಲೆ ಪೆನ್ನಿಗೆ ನಿಧಾನವಾಗಿ ಮುಚ್ಚಳ ಹಾಕಿದರು.

"ಯಾರು ಹೆದರಿಸಿದ್ರು ನಿಮ್ಮನ್ನ?"

ಯಾರೂ ಇಲ್ಲ ಎಂದ. ನಲವತ್ತಾರು ಜನ ಒಪ್ಪಿರುವಾಗ ತಪ್ಪು ಇವನೊಬ್ಬನಿಗೇ ಹೇಗೆ ಕಂಡಿತು ಎಂದು ಸಂಪಾದಕರು ಕೇಳಿದರು. ತಂಡದವರು ಕಳಿಸಿದ ಮೂಲ ಹಾಳೆ ನೋಡಿ ಎಂದು ಅವನು ಬೇಡಿಕೊಂಡ. ವರದಿಗಾರನಿಗೆ ಕರೆ ಹೋಯಿತು. ಅವನು ಹಾಳೆ ಹಿಡಿದು ಬಂದ. ಬೆರಳಿಗಿನ್ನೂ ನಾಳೆಯ ಲೇಖನದ ಶಾಯಿ ಅಂಟಿತ್ತು.

"ಮೂಲದಲ್ಲೇ ತಪ್ಪಿತ್ತು ಸರ್," ಎಂದ ವರದಿಗಾರ, ಕಣ್ಣು ಮಿಟುಕಿಸದೆ. "ಇವರು ಗಮನಿಸಿ ಸರಿ ಮಾಡಿದ್ರು ಅಂದ್ಕೊಂಡು ನಾನೇ ಮೆಚ್ಚಿಕೊಂಡಿದ್ದೆ."

ಸಂಪಾದಕರು ಆ ಹಾಳೆಯನ್ನೂ ಇಂದಿನ ಪುಟವನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕೊನೆಗೆ ಮೂಲದ ಹಾಳೆಯನ್ನು ಬುಟ್ಟಿಗೆ ಹಾಕಿದರು. ಆ ದಿನ ಬುಟ್ಟಿಗೆ ಬಿದ್ದದ್ದರಲ್ಲಿ ಸರಿಯಾದದ್ದು ಅದೊಂದೇ.

"ನೋಡಿ, ನೀವು ಕೆಲಸ ಬಲ್ಲವರು. ಆದ್ರೆ ತಾನು ಮಾಡಿದ ಸರಿಯನ್ನೇ ನಂಬದವರನ್ನ ಕಾಯಂ ಮಾಡಿ ನಾನೇನು ಮಾಡ್ಲಿ? ಇನ್ನೊಂದು ಆರು ತಿಂಗಳು ನೋಡೋಣ."

ಕಾಗದ ಡ್ರಾಯರಿನೊಳಗೆ ಹೋಯಿತು.

ಆರು ಗಂಟೆಗೆ ಅವನು ಮನೆಯ ಕೆಳಗೆ ಬಂದಾಗ ಕ್ಷೌರದ ಅಂಗಡಿಯ ಟಿ.ವಿ.ಯಲ್ಲಿ ಅದೇ ಎರಡು ತಂಡಗಳ ಪಂದ್ಯ ಶುರುವಾಗಿತ್ತು. ಮಾವ, ಅಂಗಡಿಯವನು, ಅರ್ಧ ಕತ್ತರಿಸಿದ ತಲೆಯ ಒಬ್ಬ ಗಿರಾಕಿ, ಎಲ್ಲರೂ ಪರದೆಗೆ ಅಂಟಿಕೊಂಡಿದ್ದರು. ಅವನು ಹಿಂದೆ ನಿಂತು ಬೆರಳು ಮಡಿಸುತ್ತ ಎಣಿಸಿದ. ಮಧ್ಯಂತರದ ಹೊತ್ತಿಗೆ ಮಿಂಚು ತಾನೇ ಹದಿನಾಲ್ಕು ಅಂಕ ಹೊಡೆದಿದ್ದ, ಕೊಟ್ಟದ್ದು ಒಂದೇ ಒಂದು ಪಾಸು. ಗಡಿಯಾರ ಆರು ಸಲ ಹಂಚಿದ್ದ, ಬುಟ್ಟಿಯ ಕಡೆಗೆ ಎಸೆದದ್ದು ಎರಡೇ ಸಲ.

"ಆ ಪಾಸು ನೋಡಿದ್ರಾ ಸಾರ್?" ಅಂಗಡಿಯವನ ಕಣ್ಣು ಒದ್ದೆಯಾಗಿತ್ತು. "ಒಂದಾದ್ರೂ ಹನ್ನೆರಡಕ್ಕೆ ಸಮ."

"ನಮ್ಮವನು ಇವತ್ತು ಕೈ ಬಿಗಿ ಹಿಡಿದಿದ್ದಾನೆ," ಎಂದರು ಮಾವ. "ಮನಸ್ಸು ಮಾಡಿದ್ರೆ ಇಪ್ಪತ್ತೇಳು ಅವನಿಗೆ ಯಾವ ಲೆಕ್ಕ."

ಅವನು ಮಡಿಸಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಒಂದು ಗಳಿಗೆ, ತನ್ನ ಎಣಿಕೆಯೇ ತಪ್ಪಿರಬಹುದೇ ಎಂದೂ ಅನಿಸಿತು.

ಆಗ ಮಾವ ತಿರುಗಿ ನೋಡಿದರು. ಮೆಟ್ಟಿಲ ಮೇಲಿಂದ ಹೆಂಡತಿಯೂ ಇಳಿದು ಬಂದಿದ್ದಳು. ಅವಳ ಕಣ್ಣು ಅವನ ಜೇಬಿನ ಮೇಲಿತ್ತು.

"ಕಾಗದ ಎಲ್ರೀ?"

"ಆರು ತಿಂಗಳು ಮುಂದಕ್ಕೆ ಹೋಯ್ತು."

ಅಂಗಡಿಯವನು ಟಿ.ವಿ.ಯ ಸದ್ದು ಕಡಿಮೆ ಮಾಡಿದ. ಗಿರಾಕಿಯೂ ಅರ್ಧ ತಲೆಯನ್ನು ಇತ್ತ ತಿರುಗಿಸಿದ.

"ಏನಾದ್ರೂ ತಪ್ಪು ಮಾಡಿದ್ರಾ ಅಳಿಯಂದಿರೇ?" ಮಾವ ಮೆತ್ತಗೆ ಕೇಳಿದರು. "ಹಾಗಿದ್ರೆ ಹೋಗಿ ಒಪ್ಕೊಂಡುಬಿಡಿ. ಒಪ್ಕೊಂಡ್ರೆ ದೊಡ್ಡವರು ಕ್ಷಮಿಸ್ತಾರೆ."

ಅವನು ಪರದೆಯ ಕಡೆ ನೋಡಿದ. ಅಲ್ಲಿ ಮಿಂಚು ಮತ್ತೆ ಒಬ್ಬನೇ ನುಗ್ಗುತ್ತಿದ್ದ. ತಪ್ಪು ಮಾಡಿದ್ದಕ್ಕೆ ಕಾಗದ ಸಿದ್ಧವಾಗಿತ್ತೆಂದೂ ಒಪ್ಪಿಕೊಂಡದ್ದಕ್ಕೆ ಅದು ಡ್ರಾಯರು ಸೇರಿತೆಂದೂ ಅವನು ಯಾರಿಗೂ ಹೇಳಲಿಲ್ಲ.