ಹಲ್ಲು ನೋಡಿ ಕೊಂಡ ನಾಲ್ಕು ಟೈರು

ಬೋರ್ಡಿನ ಬೆಲೆ ನಾಲ್ಕು ಸಾವಿರದ ಆರುನೂರು ರೂಪಾಯಿ. ನಾಲ್ಕು ಟೈರು, ನಾಲ್ಕು ಟ್ಯೂಬು, ಬಿಚ್ಚಿ ಹಾಕುವ ಕೂಲಿ ಸೇರಿ. ಇಷ್ಟರ ವ್ಯಾಪಾರ ಮುಗಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಟೈರಿನ ಅಂಗಡಿ ಇಟ್ಟವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹೆಂಡತಿಗೆ ಸರ ಕೊಳ್ಳುವ ಗಿರಾಕಿ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾನೆ. ಕಾರಿಗೆ ಟೈರು ಕೊಳ್ಳುವವನು ಮಾತ್ರ ಹೆಣ್ಣು ನೋಡಲು ಬಂದವನ ಹಾಗೆ, ಮನೆಗೆ ಹೋಗಿ ಹೇಳಿ ಕಳಿಸ್ತೀನಿ ಅನ್ನುತ್ತಾನೆ.

ತೊಂಬತ್ತರ ದಶಕದ ನಡುವಿನ ಮಾತು. ಗುಂಡ್ಲುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ನನ್ನ ಅಂಗಡಿ. ಈರುಳ್ಳಿ, ತರಕಾರಿ ಹೊತ್ತು ಕೇರಳಕ್ಕೆ ಹೋಗುವ ಲಾರಿಗಳೇ ನನಗೆ ಅನ್ನ. ಆ ವರ್ಷ ಮೊದಲ ಸಲ ಸಣ್ಣ ಕಾರಿನ ಟೈರು ತರಿಸಿದ್ದೆ: ನೈಲಾನಿನವು ನಾಲ್ಕು, ನಮ್ಮ ಕಡೆಗೆ ಆಗಿನ್ನೂ ಹೊಸದಾಗಿದ್ದ ರೇಡಿಯಲ್ ನಾಲ್ಕು. ಎಂಟೂ ಗೋಡೆಗೊರಗಿ ತಿಂಗಳುಗಟ್ಟಲೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದವು.

ಆಗ ಬಂದವರು ಹರದನಹಳ್ಳಿಯ ಯಜಮಾನರು. ಅರಿಸಿನ ಬೆಳೆಯುವ ಜಮೀನ್ದಾರರು, ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲು. ಎತ್ತಿನ ಪರೀಕ್ಷೆಯಲ್ಲಿ ಸುತ್ತ ಹತ್ತು ಹಳ್ಳಿಗೆ ಅವರ ಮಾತೇ ಕೊನೆ. ಐವತ್ತೈದು ದಾಟಿದ ಮೇಲೆ ಸೆಕೆಂಡ್‌ಹ್ಯಾಂಡಿನ ಪುಟ್ಟ ಕಾರೊಂದನ್ನು ಕೊಂಡಿದ್ದರು. ಅದರ ಟೈರಿನಲ್ಲಿ ಉಳಿದಿದ್ದ, ನೆಲ ಕಚ್ಚುವ ಬಟನ್ನು ನನ್ನ ತಲೆಯಲ್ಲಿ ಉಳಿದಿರುವ ಕೂದಲಿಗಿಂತ ಕಡಿಮೆ.

ಅವಸರವೂ ಸಣ್ಣದಲ್ಲ. ಗೂಡಲೂರಿನಾಚೆ ಟೀ ತೋಟದ ಆಫೀಸಿನಲ್ಲಿ ಅಳಿಯನಿಗೆ ಕೆಲಸ. ಮಗಳಿಗೆ ಚೊಚ್ಚಲ ಬಸಿರು. ಹನ್ನೊಂದನೇ ದಿನ ಸೋಮವಾರ, ಹೆರಿಗೆಗೆ ತವರಿಗೆ ಕರೆತರಲು ದಿನ ನೋಡಿಯಾಗಿತ್ತು. ಆ ಕಡೆ ಮಳೆ ಹಿಡಿದಿತ್ತು. "ಆ ಬೋಳು ಟೈರಲ್ಲಿ ಮೊಗೀನ ಘಾಟಿ ಇಳ್ಸಾಕಾದದಾ ಸಾವ್ಕಾರ್ರೇ?" ಎಂದರು. ಆಗದು ಎಂದೆ. ಇಷ್ಟರಲ್ಲಿ ಮಾತ್ರ ನಾವಿಬ್ಬರೂ ಮೊದಲ ದಿನವೇ ಒಪ್ಪಿದ್ದು.

೧. ಹುಟ್ಟುಗೂದಲು

ಯಜಮಾನರು ರೇಡಿಯಲ್ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆಲೆ ಕೇಳಲಿಲ್ಲ, ಕಂಪನಿ ಕೇಳಲಿಲ್ಲ. ಬಟನ್ನಿನ ಸಂದಿಗೆ ಹೆಬ್ಬೆರಳು ತೂರಿಸಿ, ದವಡೆ ಅಗಲಿಸುವವರ ಹಾಗೆ ಎರಡು ಕಡೆಗೂ ಒತ್ತಿ ನೋಡಿದರು.

"ಎಷ್ಟಲ್ಲು?"

ನಾನೂ ರೈತರ ನಡುವೆ ಬೆಳೆದವನೇ. "ಹಾಲುಹಲ್ಲು ಯಜಮಾನ್ರೇ. ಇನ್ನೂ ನೊಗ ಕಂಡಿಲ್ಲ."

ಹೊಸ ಟೈರಿನ ಮೈಮೇಲೆ ಸಣ್ಣ ಸಣ್ಣ ರಬ್ಬರಿನ ಎಳೆಗಳು ನಿಂತಿರುತ್ತವಲ್ಲ, ಅದರಲ್ಲೊಂದನ್ನು ಹಿಡಿದು ಜಗ್ಗಿದರು. "ದಿಟ ಕಣ. ಉಟ್ಟುಗೂದ್ಲೇ ಉದ್ರಿಲ್ಲ. ಇದ್ಕಿನ್ನೂ ಜವಳ ಆಗ್ಬೇಕು."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಬಣ್ಣದ ಗೀಟಿನ ಮೇಲೆ ಬಿತ್ತು. ಕಂಪನಿಯವರು ಗುರುತಿಗೆಂದು ಟೈರಿನ ಮೇಲೊಂದು ಗೀಟು ಎಳೆದಿರುತ್ತಾರೆ. ಮೂರರ ಮೇಲೆ ಹಳದಿ ಇತ್ತು, ಒಂದರ ಮೇಲೆ ಕೆಂಪು.

"ಇದು ಬ್ಯಾರೆ ತಾಯಿ ಮಗ. ಜೋಡಿ ಕೂಡಾಕಿಲ್ಲ," ಎಂದು ಎದ್ದೇಬಿಟ್ಟರು.

ಗೀಟಿಗೂ ಗುಣಕ್ಕೂ ಸಂಬಂಧವಿಲ್ಲ, ಒಂದು ಫರ್ಲಾಂಗು ಓಡಿದರೆ ಅಳಿಸಿಹೋಗುತ್ತದೆ ಎಂದು ಹೇಳಿದೆ. ಕೇಳಲಿಲ್ಲ. ಕೊನೆಗೆ ಸೀಮೆಎಣ್ಣೆ ಬಟ್ಟೆ ತಂದು ಅವರೆದುರೇ ನಾಲ್ಕೂ ಟೈರಿನ ಗೀಟು ಒರೆಸಿದೆ. ಯಜಮಾನರು ಎಲೆಅಡಿಕೆ ಜಗಿಯುತ್ತ ನೋಡಿದರು.

"ಸಾವ್ಕಾರ್ರೇ, ಕೊಂಬಿಗೆ ಬಣ್ಣ ಬಳ್ದು ಮುದಿ ಎತ್ತು ಮಾರೋ ದಲ್ಲಾಳಿಗಳ ಬೇಕಾದಷ್ಟು ಕಂಡಿವ್ನಿ. ಬಣ್ಣ ತೊಳ್ದು ಮಾರೋನ್ನ ಕಂಡಿದ್ದು ಇವತ್ತೇ!"

೨. ಮಳೆಗೆರಡು, ಬಿಸಿಲಿಗೆರಡು

ಮೂರು ದಿನ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಬಂದರು. ನಡುವೆ ಚಾಮರಾಜನಗರದ ಎರಡು ಅಂಗಡಿಯಲ್ಲಿ ಟೈರಿನ ಹಲ್ಲು ಹಿಡಿದು ನೋಡಿ, ಬೈಸಿಕೊಂಡು ಬಂದಿದ್ದರಂತೆ. ಅಮ್ಮನವರು ನಗುತ್ತಲೇ ಹೇಳಿದರು.

ಈ ಸಲದ ಚಿಂತೆ ಹವೆಯದು. ನಮ್ಮ ಸೀಮೆಯಲ್ಲಿ ಅದು ನಿಜವಾದ ಕಷ್ಟವೇ. ಹರದನಹಳ್ಳಿಯಲ್ಲಿ ಕಾರು ಹತ್ತಿದರೆ ಕಲ್ಲೂ ಕಾಯುವ ಬಿಸಿಲು. ಬಂಡೀಪುರದ ಕಾಡು ದಾಟುವಾಗ ತಣ್ಣನೆ ಗಾಳಿ, ತುಂತುರು. ಗೂಡಲೂರಿನಲ್ಲಿ ಧೋ ಎಂದು ಸುರಿಯುವ ಮಳೆ. ಎರಡೂವರೆ ಗಂಟೆಯ ದಾರಿಯಲ್ಲಿ ಮೂರು ಕಾಲ. ನನಗೆ ತಿಳಿದಷ್ಟು ಹೇಳಿದೆ: ನೈಲಾನಿನದು ದಪ್ಪ ಚರ್ಮ, ಬಿಸಿಲಿಗೆ ಕಲ್ಲಿಗೆ ಬೇಗ ಸವೆಯದು. ರೇಡಿಯಲ್ಲು ಒದ್ದೆ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಬೆಲೆ ವಸಿ ಹೆಚ್ಚು.

"ಅಂಗಾದ್ರೆ ಎರಡೆರಡು ಕೊಡಿ," ಎಂದರು ಯಜಮಾನರು. "ಬಿಸಿಲಿಗೆರಡು, ಮಳೆಗೆರಡು."

"ಒಂದೇ ಕಾರಿಗೆ ಎರಡು ಜಾತಿ ಹಾಕಬಾರದು. ತಿರುವಿನಲ್ಲಿ ಒಂದು ಏರಿಗೆಳೆದರೆ ಇನ್ನೊಂದು ನೀರಿಗೆಳೆಯುತ್ತದೆ."

"ಒಂದು ನೊಗಕ್ಕೆ ಎರಡು ಜಾತಿ ಕಟ್ಬಾರ್ದು, ಒಪ್ದೆ. ಇಲ್ಲಿ ನೊಗ ಎರಡು ಅವಲ್ಲ, ಮುಂದಕ್ಕೊಂದು ಇಂದಕ್ಕೊಂದು! ಓಗುವಾಗ ಮಳೆ ಮುಂದ್ಗಡೆ ಅದ, ಬಿಸಿಲು ಇಂದ್ಗಡೆ ಉಳೀತದ. ಮಳೆ ಟೈರ ಮುಂದಕ್ಕೆ ಆಕಿ, ಬಿಸಿಲು ಟೈರ ಇಂದಕ್ಕೆ ಆಕಿ. ಏನು ತಪ್ಪು?"

ಅಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬರುವಾಗ ಮಳೆ ಇಂದ್ಗಡೆ ಆಯ್ತದಲ್ಲ. ಆಗೇನು ಗೂಡಲೂರಿಂದ ಮನೇಗಂಟ ರಿವರ್ಸಲ್ಲೇ ಬತ್ತೀರಾ?"

೩. ಹಗ್ಗ ಹರಿದದ್ದು

ಮಾತಿನಲ್ಲಿ ಸೋತವರು ಪರೀಕ್ಷೆಗೆ ಇಳಿದರು. ರೇಡಿಯಲ್ಲು ಒದ್ದೆ ನೆಲದಲ್ಲಿ ಜಾರುವುದಿಲ್ಲ ಅಂತೀರಲ್ಲ, ತೋರಿಸಿ ಎಂದರು. ಗುಂಡ್ಲುಪೇಟೆಯ ಮಧ್ಯಾಹ್ನಕ್ಕೆ ಒದ್ದೆ ನೆಲ ಎಲ್ಲಿಂದ ತರಲಿ? ಅವರೇ ತೊಟ್ಟಿಯಿಂದ ನಾಲ್ಕು ಬಕೀಟು ನೀರು ಎತ್ತಿ ಅಂಗಡಿ ಮುಂದಿನ ಸಿಮೆಂಟು ಇಳಿಜಾರಿಗೆ ಸುರಿದರು. ಟೈರನ್ನು ನಿಲ್ಲಿಸಿ, ಬೆನ್ನು ಚಪ್ಪರಿಸಿ, "ಓಗ್ಲಾ" ಎಂದು ಒಂದು ತಳ್ಳು ತಳ್ಳಿದರು.

ಹೋಯಿತು. ಜಾರಲಿಲ್ಲ, ವಾಲಲಿಲ್ಲ, ನೆಟ್ಟಗೆ ಹೋಯಿತು. ಇಳಿಜಾರು ಮುಗಿದರೂ ಹೋಯಿತು. ಹೆದ್ದಾರಿ ದಾಟುವಾಗ ಟೊಮೆಟೊ ಲಾರಿಯೊಂದು ಬ್ರೇಕು ಒತ್ತಿತು. ಟೈರು ನಿಲ್ಲಲಿಲ್ಲ. ಎದುರಿಗೆ ಕೇರಳದ ಕಾಕನ ಚಾ ಅಂಗಡಿ. ಕಾಕ ಎರಡು ಲೋಟ ಹಿಡಿದು ಚಾ ಎತ್ತಿ ಹೊಯ್ಯುತ್ತಿದ್ದ. "ಎಂಡೆ ಪಡಚ್ಚೋನೇ!" ಎಂದು ದೇವರನ್ನು ಕೂಗಿ ಪಕ್ಕಕ್ಕೆ ಹಾರಿದ. ಟೈರು ಬೆಂಚಿಗೆ ಡಿಕ್ಕಿ ಹೊಡೆದು, ಎರಡು ಸುತ್ತು ತಿರುಗಿ, ಗಿರಾಕಿಗಳ ನಡುವೆ ಮಲಗಿತು.

ನಾನು ಏದುಸಿರು ಬಿಡುತ್ತ ಓಡಿದೆ. ಕಾಕ ಸುಧಾರಿಸಿಕೊಂಡು ಕೇಳಿದ, "ಸಾವ್ಕಾರೇ, ಇವನಿಗೆ ಸಕ್ಕರೆ ಹಾಕಿ ಕೊಡಲಾ, ಹಾಕದೆ ಕೊಡಲಾ?"

ಯಜಮಾನರು ರಸ್ತೆಯಾಚೆ ನಿಂತು ತಲೆಯಾಡಿಸುತ್ತಿದ್ದರು. ಮುಖದಲ್ಲಿ ಪೂರ್ತಿ ಮೆಚ್ಚುಗೆ. "ಓಟ ಬಲು ಚೆಂದಾಗದ ಸಾವ್ಕಾರ್ರೇ. ಆದ್ರೆ ಕರೆದ್ರೆ ನಿಲ್ಲಾಕಿಲ್ಲ. ಅದ್ಕೆ ನೂರು ಕಡಿಮೆ ಮಾಡ್ಕಳಿ."

೪. ಟವೆಲಿನ ಕೆಳಗೆ

ತೀರ್ಮಾನ ಕೊಟ್ಟದ್ದು ಅಮ್ಮನವರು. "ಬಿಸಿಲಲ್ಲಿ ಸವುದ್ರೆ ರಬ್ಬರ್ ಓಯ್ತದ. ಮಳೇಲಿ ಜಾರುದ್ರೆ ನಾವು ಓಯ್ತೀವಿ. ನಾಕೂ ಮಳೆವೇ ಆಗ್ಲಿ." ಮೂವತ್ತು ವರ್ಷದ ನನ್ನ ಟೈರು ವ್ಯಾಪಾರದಲ್ಲಿ ಇದಕ್ಕಿಂತ ಒಳ್ಳೆಯ ಸಲಹೆ ಯಾವ ಕಂಪನಿಯವನೂ ಕೊಟ್ಟಿಲ್ಲ.

ಉಳಿದದ್ದು ಬೆಲೆ. ಯಜಮಾನರು ಹೆಗಲ ಟವೆಲು ತೆಗೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದರು. ದನದ ವ್ಯಾಪಾರದ ಕ್ರಮ ಅದು. ಬಾಯಲ್ಲಿ ಬೆಲೆ ಆಡುವಂತಿಲ್ಲ. ಟವೆಲಿನ ಕೆಳಗೆ ಬೆರಳು ಅದುಮಿ ಹೇಳಬೇಕು, ಸುತ್ತ ನಿಂತವರಿಗೆ ಗುಟ್ಟು ಗೊತ್ತಾಗಬಾರದು. ಬೆಲೆಯ ಬೋರ್ಡು ನನ್ನ ತಲೆಯ ಮೇಲೇ ನೇತಾಡುತ್ತಿತ್ತು. ಸುತ್ತ ಇದ್ದವರು ಅಮ್ಮನವರು ಮತ್ತು ಬೆಂಚು ಮುರಿದದ್ದಕ್ಕೆ ನ್ಯಾಯ ಕೇಳಲು ಬಂದ ಕಾಕ, ಇಬ್ಬರೇ. ಆದರೂ ಕ್ರಮ ಕ್ರಮವೇ. ನಾಲ್ಕು ಸಾವಿರ ಇದ್ದದ್ದೇ, ಅದರ ಮೇಲಿನದು ಬೆರಳಿಗೆ ನೂರು ಎಂದು ಮಾತಾಯಿತು.

ನಾನು ಆರು ಬೆರಳು ಅದುಮಿದೆ. ಅವರು ನಾಲ್ಕು ಬೆರಳು ಮಡಚಿ, ಎರಡನ್ನೇ ಹಿಡಿದರು. ನಾನು ಐದು ಅದುಮಿದೆ.

"ಐದಕ್ಕೆ ಇಳುದ್ರು ಸಾವ್ಕಾರ್ರು," ಎಂದರು ಅಮ್ಮನವರು, ಕಾಕನಿಗೆ ಕೇಳುವ ಹಾಗೆ.

ಯಜಮಾನರು ಟವೆಲು ಬಿಗಿ ಮಾಡಿಕೊಂಡರು. ಮತ್ತೆ ಎರಡು ಹಿಡಿದರು. ನಾನು ನಾಲ್ಕು.

"ಈಗ ನಾಕು. ಇವ್ರು ಎರಡರಲ್ಲೇ ಅವ್ರೆ. ಮೂರಕ್ಕೆ ಒಪ್ಕತಾರೆ, ತಡೀರಿ."

ಮೂರಕ್ಕೇ ಒಪ್ಪಿದರು. ಯಜಮಾನರಿಗೆ ತಡೆಯಲಾಗಲಿಲ್ಲ. "ಟವಲ್ ಒಳಗಿರೋದು ನಿನಗೆಂಗ್ ಕಂಡದ್ದಮ್ಮಿ?"

"ಇಪ್ಪತ್ತೆಂಟು ವರ್ಸದಿಂದ ಆ ಮುಖ ನೋಡ್ತಾ ಇವ್ನಿ. ನೂರಿಳುದ್ರೆ ಎಡಗಡೆ ಮೀಸೆ ಏಳ್ತದ. ಮುಂದ್ಲ ಕಿತ ಇನ್ನೊಂದು ಟವಲ್ ತನ್ನಿ, ಮುಖಕ್ಕೂ ಮುಚ್ಕಳಿ."

೫. ಮಾರಿದವನ ಹಗ್ಗ

ಬೆಲೆ ಕೂಡಿದರೂ ದುಡ್ಡು ಹೊರಗೆ ಬರಲಿಲ್ಲ. ಎತ್ತನ್ನು ನೊಗಕ್ಕೆ ಕಟ್ಟಿ, ಉತ್ತು ನೋಡದೆ ಯಾರು ದುಡ್ಡು ಕೊಡುತ್ತಾರೆ? ಸೋಮವಾರ ಮಗಳನ್ನು ಕರೆತರುವುದೇ ಪರೀಕ್ಷೆ, ಆಮೇಲೆ ದುಡ್ಡು ಎಂದರು. ಒಮ್ಮೆ ರಸ್ತೆಗಿಳಿದ ಟೈರು ಹಳೆಯ ಟೈರೇ. ಬೇರೆ ಯಾರಾದರೂ ಆಗಿದ್ದರೆ ನಮಸ್ಕಾರ ಹೇಳಿ ಕಳಿಸುತ್ತಿದ್ದೆ. ಆದರೆ ಆ ಬೋಳು ಟೈರಿನಲ್ಲೇ ಇವರು ಹೊರಟುಬಿಟ್ಟರೆ ಎಂಬ ಅಳುಕೂ ಇತ್ತು. ನಾನೂ ಒಂದು ಕ್ರಮ ಹೇಳಿದೆ: "ಪರೀಕ್ಷೆಗೆ ಕೊಟ್ಟ ಎತ್ತಿನ ಜೊತೆ ಮಾರುವವನೂ ಹೋಗಬೇಕು." ಒಪ್ಪಿದರು. ಸೋಮವಾರ ಬೆಳಿಗ್ಗೆ ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅಮ್ಮನವರು.

ಹೋಗುವಾಗ ಸುಖವಾಗಿಯೇ ಹೋದೆವು. ಪ್ರತಿ ಏರಿಗೂ ಯಜಮಾನರು ನಾಲಿಗೆ ಲೊಟಕಿಸುತ್ತಿದ್ದರು, ಆಮೇಲೆ ಗೇರು ಬದಲಿಸುತ್ತಿದ್ದರು. ಅಳಿಯ ಊಟ ಹಾಕಿಸಿದ. ಹೊರಡುವಾಗ ಮಗಳ ಜೊತೆ ಎರಡು ಹಲಸಿನ ಹಣ್ಣು, ಒಂದು ಬಾಳೆಗೊನೆ, ಟೀಪುಡಿಯ ಚೀಲ ಹಿಂದಿನ ಸೀಟಿಗೆ ಹತ್ತಿದವು. ಮಳೆ ನಿಂತಿರಲಿಲ್ಲ.

ತೋಟದಿಂದ ಗೂಡಲೂರಿಗೆ ಇಳಿಯುವ ತಿರುವು. ತಿರುಗಿದರೆ ಎದುರಿಗೆ ರಸ್ತೆಗೆ ಅಡ್ಡವಾಗಿ ಸಿಕ್ಕಿಬಿದ್ದ ಟೀ ಸೊಪ್ಪಿನ ಲಾರಿ. ಯಜಮಾನರು ಬ್ರೇಕು ತುಳಿದರು. ಜೊತೆಗೆ "ಓಹೋಹೋಹೋ!" ಎಂದು ಕೂಗಿ, ಹಿಂದಕ್ಕೆ ಒರಗಿ, ಸ್ಟೀರಿಂಗನ್ನು ಎರಡು ಕೈಯಲ್ಲೂ ಎದೆಗೆ ಎಳೆದರು. ಕಾರು ಕೆಂಪು ನೀರನ್ನು ಸೀಳಿಕೊಂಡು ಹೋಗಿ, ಒಂದಿಷ್ಟೂ ಅಡ್ಡ ತಿರುಗದೆ, ಲಾರಿಗೆ ಮೊಳದಷ್ಟು ದೂರದಲ್ಲಿ ನಿಂತಿತು.

ಅಮ್ಮನವರ ಕೈ ಮಗಳ ಹೊಟ್ಟೆಯ ಮೇಲಿತ್ತು. ಮೊದಲು ಮಾತಾಡಿದ್ದು ಮಗಳೇ.

"ಅಪ್ಪಾ, ಬ್ರೇಕು ಕಾಲಲ್ಲಿ ಅಲ್ವಾ ಇರೋದು?"

"ಕಾಲಲ್ಲೂ ತುಳ್ದೆ ಕಣವ್ವ. ಇದು ವಸಿ ಜಾಸ್ತಿ ಇರ್ಲಿ ಅಂತ."

ಲಾರಿ ಪಕ್ಕಕ್ಕೆ ಸರಿದ ಮೇಲೆ ಗೂಡಲೂರು ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿದರು. ಮಳೆಯಲ್ಲೇ ಇಳಿದು ನಾಲ್ಕೂ ಟೈರಿನ ಮೈ ಸವರಿದರು. ಒಳಜೇಬಿನಿಂದ ದುಡ್ಡು ತೆಗೆದು ನನ್ನ ಕೈಗಿಟ್ಟರು: ನಾಲ್ಕು ಸಾವಿರದ ಮುನ್ನೂರು, ಒಂದು ರೂಪಾಯಿ ಕಡಿಮೆಯಿಲ್ಲ. ಆಮೇಲೆ ಒಂದೊಂದೇ ಚಕ್ರದ ಹತ್ತಿರ ಬಗ್ಗಿ, ಗಾಳಿ ಹಿಡಿಸುವ ಬಾಯಿಗೆ ಹಾಕಿದ್ದ ಕರಿಯ ಮುಚ್ಚಳ ತಿರುಗಿಸಿ ಬಿಚ್ಚಿದರು. ನಾಲ್ಕನ್ನೂ ತಂದು ದುಡ್ಡಿನ ಮೇಲಿಟ್ಟರು.

"ಇದ್ಯಾಕೆ ಯಜಮಾನ್ರೇ?"

"ಅಗ್ಗ ಮಾರ್ದವನ್ದು. ಎತ್ತು ಮಾರ್ದಾಗ ಅಗ್ಗ ಬಿಚ್ಕಂಡು ಓಗಾಕಿಲ್ವಾ? ಕೊಂಡೋನು ತನ್ನ ಅಗ್ಗ ತರ್ಬೇಕು." ಜೇಬಿಗೆ ಕೈಹಾಕಿ ನಾಲ್ಕು ಹೊಸ ಮುಚ್ಚಳ ತೆಗೆದರು, ಕೆಂಪನೆಯವು. ಚಾಮರಾಜನಗರದಿಂದ ಮೊದಲೇ ಕೊಂಡು ತಂದಿದ್ದರು. ನಾಲ್ಕೂ ಚಕ್ರಕ್ಕೆ ಹಾಕಿ, ಎದ್ದು, ನನಗೆ ಕೈ ಮುಗಿದರು. "ಇನ್ನು ನೀವು ಬಸ್ಸಲ್ಲಿ ಬನ್ನಿ."

"ನಾನ್ಯಾಕೆ?"

"ಮಾರ್ದವನು ಜೊತೇಲೇ ಬಂದ್ರೆ ಎತ್ತು ತಿರುಗ್ ತಿರುಗಿ ಅವ್ನನ್ನೇ ನೋಡ್ತದ. ಗುಂಡ್ಲುಪೇಟೆ ಬಂದ್ರೆ ಸೀದಾ ನಿಮ್ಮ ಅಂಗ್ಡಿಗೇ ನುಗ್ತದ. ನಮ್ಮನೆಗೆ ಒಗ್ಗಾಕಿಲ್ಲ."

ತಮಾಷೆ ಮಾಡುತ್ತಿದ್ದಾರೋ ಎಂದು ಎಡಗಡೆ ಮೀಸೆ ನೋಡಿದೆ. ಅಲುಗಲಿಲ್ಲ. ಅಮ್ಮನವರು ಗಂಡನನ್ನು ಬೈಯುತ್ತಲೇ, ಇಕ್ಕಟ್ಟಿನಲ್ಲಿ ಕೂತಿದ್ದ ಮಗಳನ್ನು ನನ್ನ ಸೀಟಿಗೆ ದಾಟಿಸಿ, ದೊಡ್ಡ ಹಲಸಿನ ಹಣ್ಣನ್ನು ಆರಿಸಿ ನನ್ನ ತೋಳಿಗೆ ಕೊಟ್ಟರು. ಕಾರು ಹೊರಟಿತು. ಟೈರುಗಳು ಒಂದೂ ತಿರುಗಿ ನೋಡಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರು ನನಗೊಂದು ಟಿಕೆಟ್ಟು ಹರಿದ, ಹಲಸಿಗೆ ಲಗೇಜೆಂದು ಇನ್ನೊಂದು ಹರಿದ. ಮನೆಗೆ ಬಂದು ಹಣ್ಣು ಬಿಡಿಸಿದೆವು, ಒಳ್ಳೆಯ ಹಣ್ಣು. ಒಂದು ಪಾಲು ಕಾಕನಿಗೂ ಕೊಟ್ಟು ಬೆಂಚಿನ ಮಾತು ಮುಗಿಸಿದೆ. ಮರುದಿನ ಆ ನಾಲ್ಕು ಕರಿಯ ಮುಚ್ಚಳವನ್ನು ಒಂದಕ್ಕೆ ಎಂಟಾಣೆಯ ಹಾಗೆ ಲಾರಿ ಡ್ರೈವರಿಗೆ ಮಾರಿದೆ. ಒಟ್ಟು ಬಂದದ್ದು ನಾಲ್ಕು ಸಾವಿರದ ಮುನ್ನೂರ ಎರಡು ರೂಪಾಯಿ.